ಒಂದೊಂದೇ ಕಣ್ಣು ಮುಚ್ಚಿ

ನಮ್ಮ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಮಕ್ಕಳು ದುಂಡಗೆ ಕೂರುತ್ತಾರೆ. ಓದುವ ಕಾರ್ಡು ಕೈಯಲ್ಲೇ ಇರುತ್ತದೆ, ಬರೆಯುವ ಹಲಗೆ ಅವರ ಎತ್ತರಕ್ಕೆ ಸರಿಯಾಗಿ ಗೋಡೆಯ ಕೆಳಭಾಗದಲ್ಲಿರುತ್ತದೆ, ಶಿಕ್ಷಕಿಯಾದ ನಾನೂ ಅವರ ನಡುವೆಯೇ ಕುಳಿತಿರುತ್ತೇನೆ. ಒಂದರಿಂದ ಮೂರನೇ ತರಗತಿಯವರೆಗೆ ನಡೆಯುವ ಈ ಪದ್ಧತಿಯ ಬಗ್ಗೆ ನನಗೆ ಬಹಳ ಗೌರವವಿದೆ. ಅಂಜುಬುರುಕ ಮಕ್ಕಳು ಬಾಯಿಬಿಟ್ಟು ಮಾತಾಡುವುದನ್ನು ನಾನು ನೋಡಿದ್ದು ಇಲ್ಲಿಯೇ. ಆದರೆ ಕಲಿಕೆಯ ಸಾಮಗ್ರಿಯೆಲ್ಲ ಕೈಗೆಟಕುವ ದೂರದಲ್ಲಿ ಇರುವುದರಿಂದ, ದೂರದ್ದು ಸರಿಯಾಗಿ ಕಾಣದ ಮಗು ಇಲ್ಲಿ ಮೂರು ವರ್ಷ ಯಾರ ಗಮನಕ್ಕೂ ಬಾರದೆ ಚೆನ್ನಾಗಿಯೇ ಕಲಿತುಬಿಡಬಹುದು. ನಾಲ್ಕನೇ ತರಗತಿಯಲ್ಲಿ ಬೆಂಚುಗಳು ಸಾಲಾಗಿ ಬೋರ್ಡಿನ ಕಡೆ ಮುಖಮಾಡಿ ನಿಂತಾಗ, ಅದೇ ಮಗು ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತದೆ. ಬೋರ್ಡು ನೋಡಿ ಬರೆಯುವ ಬದಲು ಪಕ್ಕದವರ ಪುಸ್ತಕ ನೋಡಿ ಬರೆಯುತ್ತದೆ, ಅದಕ್ಕೆ ಬೈಸಿಕೊಳ್ಳುತ್ತದೆ, ಕೊನೆಗೆ ಗಮನವಿಲ್ಲದ ಮಗು ಎಂಬ ಹೆಸರನ್ನೂ ಹೊತ್ತುಕೊಳ್ಳುತ್ತದೆ.

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಾ ಮಕ್ಕಳ ಕಣ್ಣಿನ ಬಗ್ಗೆ ನಾನು ತಿಳಿದುಕೊಂಡದ್ದರಲ್ಲಿ ಮುಖ್ಯವಾದದ್ದು ಇದು: ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ಮಗು ತಾನಾಗಿ ಬಂದು ಹೇಳುವುದಿಲ್ಲ. ಹಲ್ಲುನೋವು ಬಂದರೆ ಅಳುತ್ತದೆ, ಕಿವಿ ಸೋರಿದರೆ ತೋರಿಸುತ್ತದೆ. ಆದರೆ ಹುಟ್ಟಿದಾಗಿನಿಂದ ಲೋಕ ಮಸುಕಾಗಿಯೇ ಕಂಡಿದ್ದರೆ ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ಅದು ತಿಳಿದಿರುತ್ತದೆ. ಹೋಲಿಸಿ ನೋಡಲು ಅದಕ್ಕೆ ಇನ್ನೊಬ್ಬರ ಕಣ್ಣು ಸಿಕ್ಕುವುದಿಲ್ಲವಲ್ಲ. ಆದ್ದರಿಂದ ದೂರು ಬರಲಿ, ಆಮೇಲೆ ನೋಡೋಣ ಎಂದು ದೊಡ್ಡವರು ಕಾಯುವುದರಲ್ಲಿ ಅರ್ಥವಿಲ್ಲ. ನಾವೇ ಹೋಗಿ ಪರೀಕ್ಷಿಸಬೇಕು, ಅದನ್ನು ಆದಷ್ಟು ಬೇಗ ಮಾಡಬೇಕು.

ನಾಲ್ಕನೇ ತರಗತಿಯಲ್ಲಿ ಬಯಲಾಗುವ ಮೊದಲ ಬಗೆಯ ತೊಂದರೆ ಸಾಮಾನ್ಯವಾಗಿ ಮೈನಸ್ ನಂಬರಿನದು, ಪಠ್ಯಪುಸ್ತಕದ ಮಾತಿನಲ್ಲಿ ಸಮೀಪದೃಷ್ಟಿ. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿದ್ದು, ದೊಡ್ಡವರಾಗುವ ಹೊತ್ತಿಗೆ 23–24 ಮಿಲಿಮೀಟರಿಗೆ ಬೆಳೆಯುತ್ತದೆ. ಈ ಬೆಳವಣಿಗೆ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದುವರಿದರೆ, ದೂರದ ವಸ್ತುವಿನ ಬಿಂಬ ಹಿಂಭಾಗದ ರೆಟಿನಾ ಎಂಬ ಪರದೆಯ ಮೇಲೆ ಬೀಳುವ ಬದಲು ಅದರ ಮುಂದೆಯೇ ಕೂಡಿಕೊಳ್ಳುತ್ತದೆ. ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೂ ಎರಡೂವರೆಯಿಂದ ಮೂರರಷ್ಟು ಮೈನಸ್ ನಂಬರ್ ಬರುತ್ತದೆ ಎಂದು ತಿಳಿದಾಗ, ಇಷ್ಟು ನಾಜೂಕಾದ ಅಳತೆ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಸರಿಹೋಗುವುದು ಹೇಗೆಂಬುದೇ ನನಗೆ ಅಚ್ಚರಿಯಾಯಿತು. ಮೈನಸ್ ನಂಬರಿನ ಮಗುವಿನ ವಿಷಯದಲ್ಲಿ ಒಂದು ಸಮಾಧಾನವಿದೆ. ತಡವಾಗಿ ಗೊತ್ತಾದರೂ ಸರಿಯಾದ ಕನ್ನಡಕ ಹಾಕಿದ ದಿನವೇ ಸಾಮಾನ್ಯವಾಗಿ ಬೋರ್ಡು ಕಾಣುತ್ತದೆ. ಕಳೆದುಹೋದ ಪಾಠವನ್ನು ನಾವು ಹೇಗೋ ತುಂಬಿಕೊಡಬಹುದು.

ಅಂಥ ಸಮಾಧಾನ ಇಲ್ಲದಿರುವುದು ಇನ್ನೊಂದರಲ್ಲಿ. ಒಂದು ಕಣ್ಣು ಚೆನ್ನಾಗಿದ್ದು, ಇನ್ನೊಂದಕ್ಕೆ ಹೆಚ್ಚು ನಂಬರ್ ಇರುವ ಮಗು ಅದು. ನೋಡಲು ಎರಡು ಕಣ್ಣೂ ಒಂದೇ ತರಹ ಇರುತ್ತವೆ. ಆ ಮಗು ಬೋರ್ಡು ಓದುತ್ತದೆ, ಚಿನ್ನಿದಾಂಡು ಆಡುತ್ತದೆ, ಸೂಜಿಗೆ ದಾರವನ್ನೂ ಪೋಣಿಸಬಹುದು, ಏಕೆಂದರೆ ಒಳ್ಳೆಯ ಕಣ್ಣು ಎರಡರ ಕೆಲಸವನ್ನೂ ಮಾಡುತ್ತಿರುತ್ತದೆ. ಮಸುಕಾದ ಬಿಂಬ ಕಳಿಸುವ ಕಣ್ಣನ್ನು ಮಿದುಳು ಕ್ರಮೇಣ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ವೈದ್ಯರು ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ, ಆಸ್ಪತ್ರೆಯ ಗೋಡೆಯ ಪೋಸ್ಟರುಗಳಲ್ಲಿ ಸೋಮಾರಿ ಕಣ್ಣು ಎಂದು ಬರೆದಿರುತ್ತಾರೆ. ಈ ಹೆಸರು ನನಗೆ ಅಷ್ಟಾಗಿ ಒಪ್ಪುವುದಿಲ್ಲ, ಆ ಕಣ್ಣು ಮಾಡಿದ ತಪ್ಪು ಏನೂ ಇಲ್ಲ. ಮೆಳ್ಳೆಗಣ್ಣಿನ ಮಕ್ಕಳಲ್ಲಿಯೂ ಇದೇ ಆಗುತ್ತದೆ: ಎರಡು ಕಣ್ಣು ಎರಡು ದಿಕ್ಕಿಗೆ ನೋಡಿದಾಗ ಬಿಂಬ ಎರಡಾಗಿ ಕಾಣದಿರಲೆಂದು ಮಿದುಳು ಒಂದನ್ನು ಅದುಮಿಡುತ್ತದೆ. ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ನಂಬಿ, ದೊಡ್ಡವನಾದಂತೆ ತಾನಾಗಿ ಸರಿಹೋಗುತ್ತದೆ ಎಂದು ಸುಮ್ಮನಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ಕಾಯುವಿಕೆಯಲ್ಲಿ ಕಳೆದುಹೋಗುವುದು ಅಂದವಲ್ಲ, ದೃಷ್ಟಿ.

ಮಿದುಳು ಹೀಗೆ ಮಾಡುತ್ತದೆ ಎಂಬುದು 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಎಳೆಯ ಮರಿಯ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿ ಆಮೇಲೆ ತೆರೆದರೆ, ಕಣ್ಣು ತಾನು ಆರೋಗ್ಯವಾಗಿದ್ದರೂ ಮರಿ ಅದರಿಂದ ನೋಡಲಾರದು. ಮಿದುಳಿನಲ್ಲಿ ಆ ಕಣ್ಣಿಗೆ ಸಲ್ಲಬೇಕಾದ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಂಡಿರುತ್ತದೆ. ಬೆಳೆದ ಬೆಕ್ಕಿನಲ್ಲಿ ಹೀಗೆ ಆಗುವುದಿಲ್ಲ. ಈ ಇಬ್ಬರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯರ ಮಕ್ಕಳಲ್ಲಿ ಈ ಎಳೆತನ ಹೆಚ್ಚುಕಡಿಮೆ ಏಳೆಂಟು ವರ್ಷದವರೆಗೆ ಉಳಿದಿರುತ್ತದೆ, ಅದರಲ್ಲಿಯೂ ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆಗೆ ಬೇಗ ಒಗ್ಗುತ್ತದೆ. ಅಂದರೆ ಈ ತೊಂದರೆಯನ್ನು ಸರಿಪಡಿಸಬಹುದಾದ ಕಾಲ ಮತ್ತು ನಲಿ-ಕಲಿಯ ಕಾಲ ಎರಡೂ ಒಂದೇ. ಮಗು ನಮ್ಮ ಕಣ್ಣ ಮುಂದೆ ಕುಳಿತಿರುವ ಆ ಮೂರು ವರ್ಷಗಳಲ್ಲಿಯೇ ಅವಕಾಶದ ಬಹುಪಾಲು ಮುಗಿದುಹೋಗುತ್ತದೆ.

ನಾವು ಪರೀಕ್ಷೆ ಮಾಡುವ ರೀತಿ ಬಹಳ ಸರಳ. ಶಾಲೆಯ ಪಡಸಾಲೆಯಲ್ಲಿ ಆರು ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಗೆರೆಯ ಈಚೆ ಮಗು, ಆಚೆ ಬೆಳಕು ಚೆನ್ನಾಗಿ ಬೀಳುವಲ್ಲಿ ಇಂಗ್ಲಿಷಿನ ‘ಇ’ ಅಕ್ಷರದ ಕಾರ್ಡು. ಅಕ್ಷರ ಬಾರದ ಮಗುವೂ ಅದರ ಕಾಲುಗಳು ಮೇಲಕ್ಕೋ ಕೆಳಕ್ಕೋ ಎಡಕ್ಕೋ ಬಲಕ್ಕೋ ಎಂದು ಮೂರು ಬೆರಳು ತಿರುಗಿಸಿ ತೋರಿಸಬಹುದು. ಹರ್ಮನ್ ಸ್ನೆಲೆನ್ ಎಂಬ ಡಚ್ ವೈದ್ಯ 1862ರಲ್ಲಿ ರೂಪಿಸಿದ ಅಳತೆಯೇ ಇಂದಿಗೂ ಇದರ ಆಧಾರ. 6/60 ಎಂದು ಚೀಟಿಯಲ್ಲಿ ಬರೆದಿದ್ದರೆ, ಸರಿಯಾದ ಕಣ್ಣು ಅರವತ್ತು ಮೀಟರಿನಿಂದ ಗುರುತಿಸುವ ಅಕ್ಷರವನ್ನು ಈ ಕಣ್ಣು ಆರು ಮೀಟರಿಗೆ ಬಂದಾಗ ಮಾತ್ರ ಗುರುತಿಸುತ್ತದೆ ಎಂದರ್ಥ. 6/9ರ ‘ಇ’ ಸುಮಾರು 13 ಮಿಲಿಮೀಟರ್ ಎತ್ತರ ಇರುತ್ತದೆ; ಅದನ್ನು ಯಾವುದಾದರೂ ಒಂದು ಕಣ್ಣಿನಿಂದ ತೋರಿಸಲಾರದ ಮಗುವನ್ನು ಮುಂದಿನ ತಪಾಸಣೆಗೆ ಕಳಿಸಬೇಕು.

ಇದರಲ್ಲಿ ತಪ್ಪಾಗುವುದು ಕಣ್ಣು ಮುಚ್ಚುವಾಗ. ಎರಡೂ ಕಣ್ಣು ಬಿಟ್ಟುಕೊಂಡು ಓದಿಸಿ ಸರಿಯಾಗಿದೆ ಎಂದು ಬರೆದುಕೊಂಡರೆ, ಒಂದು ಕಣ್ಣು ಮಾತ್ರ ಸೋತ ಮಗು ಆ ಪಟ್ಟಿಯಲ್ಲಿ ಸಿಕ್ಕುವುದೇ ಇಲ್ಲ. ಕಣ್ಣು ಮುಚ್ಚಿಕೋ ಎಂದರೆ ಮಕ್ಕಳು ಬೆರಳು ಅಗಲಿಸಿ ಸಂದಿಯಿಂದ ನೋಡುತ್ತಾರೆ, ಅದು ಕಳ್ಳತನವಲ್ಲ, ಸರಿಯಾಗಿ ಹೇಳಬೇಕೆಂಬ ಆಸೆ. ಅಂಗೈ ಗುಳಿಯಾಗಿಸಿ ಒತ್ತದೆ ಮುಚ್ಚಿಕೊಳ್ಳಲು ಹೇಳಬೇಕು, ಇಲ್ಲವೇ ನಾವೇ ರಟ್ಟಿನ ತುಂಡು ಹಿಡಿಯಬೇಕು. ಒಂದನೇ ತರಗತಿಯ ಒಬ್ಬ ಹುಡುಗನಿಗೆ ನಾನು ಹೀಗೆ ರಟ್ಟು ಹಿಡಿದಿದ್ದೆ. ಬಲಗಣ್ಣು ಮುಚ್ಚಿದಾಗ ಪಟಪಟನೆ ಬೆರಳು ತಿರುಗಿಸಿದ. ಎಡಗಣ್ಣಿಗೆ ರಟ್ಟು ತಂದ ಕೂಡಲೇ ಮುಖವನ್ನು ಓರೆ ಮಾಡಿ ಅದರ ಅಂಚಿನಿಂದ ಇಣುಕಿದ. ತಲೆ ನೇರ ಮಾಡಿದೆ, ಮತ್ತೆ ಓರೆ ಮಾಡಿದ. ಮೂರನೇ ಸಲ ನನ್ನ ಕೈಯನ್ನೇ ಹಿಡಿದು ಪಕ್ಕಕ್ಕೆ ಸರಿಸಿ, ‘ಮಿಸ್, ಅಡ್ಡ ಬರ್ತಿದೀರಾ’ ಎಂದ. ಒಳ್ಳೆಯ ಕಣ್ಣನ್ನು ಮುಚ್ಚಿದಾಗ ಮಗು ರಟ್ಟನ್ನು ತಳ್ಳುವುದು, ಅಳುವುದು, ತಲೆ ತಿರುಗಿಸುವುದು ಇವೆಲ್ಲ ಅಕ್ಷರದ ಕಾರ್ಡಿಗಿಂತ ಮೊದಲೇ ಸಿಕ್ಕುವ ಉತ್ತರಗಳು. ತುಂಟತನವೆಂದು ಗದರಿಸಿದರೆ ಆ ಉತ್ತರ ಕೈತಪ್ಪುತ್ತದೆ.

ಆ ಹುಡುಗನನ್ನು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳು ನೋಡಿ ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ನಂಬರ್ ತೆಗೆದರು. ಮಕ್ಕಳ ವಿಷಯದಲ್ಲಿ ಈ ಹನಿ ಬೇಕೇ ಬೇಕು ಎಂಬುದನ್ನು ತಂದೆತಾಯಂದಿರಿಗೆ ನಾನು ಒತ್ತಿ ಹೇಳುತ್ತೇನೆ. ಮಕ್ಕಳ ಕಣ್ಣಿನ ಮಸೂರಕ್ಕೆ ಉಬ್ಬಿ ಹೊಂದಿಸಿಕೊಳ್ಳುವ ಶಕ್ತಿ ಬಹಳ ಇರುವುದರಿಂದ, ಅದನ್ನು ಸ್ವಲ್ಪ ಹೊತ್ತು ಸಡಿಲಗೊಳಿಸದೆ ಕಂಪ್ಯೂಟರಿನಲ್ಲಿ ಮಾತ್ರ ನೋಡಿದರೆ ಪ್ಲಸ್ ನಂಬರ್, ಅಂದರೆ ದೂರದೃಷ್ಟಿ, ಮುಚ್ಚಿಹೋಗಬಹುದು, ಇಲ್ಲದ ಮೈನಸ್ ಬರಬಹುದು. ಹನಿ ಹಾಕಿದ ಮೇಲೆ ಹತ್ತಿರದ್ದು ಮಂಜಾಗುತ್ತದೆ, ಬಿಸಿಲು ಚುಚ್ಚುತ್ತದೆ. ಹಾಗಾಗಿ ಅನೇಕರು ಬೇಡ ಎನ್ನುತ್ತಾರೆ. ಒಂದೆರಡು ದಿನದ ಈ ತೊಂದರೆಯನ್ನು ಸಹಿಸಿಕೊಳ್ಳುವುದು ಎಷ್ಟೋ ಮೇಲು.

ಹುಡುಗನ ಬಲಗಣ್ಣಿಗೆ ಪ್ಲಸ್ ನಂಬರ್ ಹೆಚ್ಚಾಗಿತ್ತು. ಮೊದಲು ಕನ್ನಡಕ ಕೊಟ್ಟು ಕೆಲವು ವಾರ ನೋಡಿದರು; ಕೆಲವು ಮಕ್ಕಳಿಗೆ ಅಷ್ಟರಿಂದಲೇ ಸೋತ ಕಣ್ಣು ಚೇತರಿಸಿಕೊಳ್ಳುತ್ತದೆ. ಇವನಿಗೆ ಅಷ್ಟು ಸಾಲಲಿಲ್ಲ, ದಿನಕ್ಕೆ ಎರಡು ಗಂಟೆ ಎಡಗಣ್ಣಿಗೆ ಪ್ಯಾಚ್ ಅಂಟಿಸಲು ಹೇಳಿದರು. ಅಪ್ಪ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ತೋಟದಿಂದ ತೋಟಕ್ಕೆ ಹೋಗುವವರು, ಅಮ್ಮ ಗಾರ್ಮೆಂಟ್ಸಿಗೆ ಹೋಗುವವರು, ಮನೆಯಲ್ಲಿ ಉಳಿಯುವುದು ಅಜ್ಜಿ. ಆಕೆ ಶಾಲೆಗೇ ಬಂದು ಕೇಳಿದರು: ‘ಚೆನ್ನಾಗ್ ಕಾಣೋ ಕಣ್ಣನ್ನ ಯಾಕವ್ವ ಮುಚ್ಚಿಸ್ತೀರಾ? ಕಾಣ್ದಿರೋದಕ್ಕೆ ಔಷಧಿ ಹಾಕ್ಬೇಕಲ್ವಾ?’ ಪ್ರಶ್ನೆ ನ್ಯಾಯವಾದದ್ದೇ. ಎರಡು ಎತ್ತಿನಲ್ಲಿ ಒಂದೇ ಎತ್ತು ನೊಗ ಎಳೆಯುತ್ತಿದ್ದರೆ ಇನ್ನೊಂದು ಎಂದೂ ಕಲಿಯುವುದಿಲ್ಲ, ಕಲಿತ ಎತ್ತನ್ನು ಸ್ವಲ್ಪ ಹೊತ್ತು ಬಿಚ್ಚಿ ಕಟ್ಟಬೇಕು ಎಂದು ನಾನು ಹೇಳಿದೆ. ಹೊಲದಲ್ಲಿ ದುಡಿದ ಜೀವಕ್ಕೆ ಅದು ಒಡನೆಯೇ ಅರ್ಥವಾಯಿತು.

ಮನೆಯಲ್ಲಿ ಪ್ಯಾಚ್ ಕಿತ್ತುಹಾಕುತ್ತಾನೆ ಎಂದು ಗೊತ್ತಾದ ಮೇಲೆ ಆ ಎರಡು ಗಂಟೆಯನ್ನು ಶಾಲೆಯಲ್ಲಿಯೇ ಇಟ್ಟುಕೊಂಡೆವು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅಂಟಿಸುವುದು, ಬಿಸಿಯೂಟಕ್ಕೆ ಮೊದಲು ತೆಗೆಯುವುದು. ಪ್ಯಾಚ್ ಇರುವಾಗ ಬಣ್ಣ ತುಂಬುವುದು, ಹುಣಸೆ ಬೀಜ ಎಣಿಸುವುದು, ಚುಕ್ಕಿ ಸೇರಿಸಿ ರಂಗೋಲಿ ಬರೆಯುವುದು ಇಂಥ ಕೆಲಸಗಳನ್ನೇ ಕೊಟ್ಟೆವು, ಏಕೆಂದರೆ ಹತ್ತಿರದ ಸಣ್ಣ ಕೆಲಸದಲ್ಲಿ ಆ ಕಣ್ಣಿಗೆ ದುಡಿಮೆ ಸಿಗುತ್ತದೆ. ಮಿತವಾಗಿ ಸೋತ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಮುಚ್ಚುವುದೂ ಆರು ಗಂಟೆ ಮುಚ್ಚುವುದೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತದೆ ಎಂದು ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2003ರಲ್ಲಿ ತೋರಿಸಿದ್ದು ನಮ್ಮಂಥ ಶಾಲೆಗಳಿಗೆ ದೊಡ್ಡ ಉಪಕಾರ; ಆರು ಗಂಟೆ ಎಂದಿದ್ದರೆ ಯಾವ ಮಗುವೂ ಉಳಿಯುತ್ತಿರಲಿಲ್ಲ. ಹುಡುಗ ಸುಮಾರು ಒಂದು ವರ್ಷದಲ್ಲಿ 6/36ರಿಂದ 6/12ಕ್ಕೆ ಬಂದ. ನಡುನಡುವೆ ಆಸ್ಪತ್ರೆಗೆ ಹೋಗಿ ತೋರಿಸುತ್ತಲೇ ಇರಬೇಕು, ಇಲ್ಲದಿದ್ದರೆ ಅತಿಯಾಗಿ ಮುಚ್ಚಿ ಒಳ್ಳೆಯ ಕಣ್ಣೇ ಸೋಲುವ ಅಪಾಯವೂ ಇದೆ. ಪ್ಯಾಚನ್ನು ಯಾರೂ ಸ್ವಂತ ಬುದ್ಧಿಯಿಂದ ಶುರುಮಾಡಬಾರದು.

ಏಳೆಂಟು ವರ್ಷ ದಾಟಿದ ಮಗುವಿಗೆ ಇನ್ನು ಏನೂ ಆಗುವುದಿಲ್ಲ ಎಂದು ಹೇಳಿ ಕಳಿಸುವುದೂ ಸರಿಯಲ್ಲ. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 7ರಿಂದ 12 ವರ್ಷದ ಮಕ್ಕಳಿಗೆ ಕನ್ನಡಕದ ಜೊತೆ ಪ್ಯಾಚ್ ಮತ್ತು ಒಳ್ಳೆಯ ಕಣ್ಣನ್ನು ಮಸುಕಾಗಿಸುವ ಹನಿ ಕೊಟ್ಟಾಗ 53 ಪ್ರತಿಶತ ಮಕ್ಕಳಲ್ಲಿ ಸುಧಾರಣೆ ಕಂಡಿತು, ಬರೀ ಕನ್ನಡಕ ಕೊಟ್ಟವರಲ್ಲಿ 25 ಪ್ರತಿಶತ. ಪ್ರಯತ್ನಿಸಲೇಬೇಕು. ಆದರೂ ಆರನೇ ವಯಸ್ಸಿನಲ್ಲಿ ಸುಲಭವಾಗಿ ಆಗುವುದಕ್ಕೆ ಹನ್ನೆರಡರಲ್ಲಿ ಹೆಣಗಾಡಬೇಕಾಗುತ್ತದೆ.

ಕನ್ನಡಕ ಬರೆದುಕೊಟ್ಟ ಮೇಲೆ ಅದು ಮಗುವಿನ ಮುಖದ ಮೇಲೆ ಉಳಿಯುವುದು ಬೇರೆಯೇ ಕೆಲಸ. ನಮ್ಮ ಊರಿನ ಕಡೆ ಕಣ್ಣಿನ ಶಿಬಿರ ಎಂದರೆ ಇಂದಿಗೂ ಮುದುಕರ ನೆನಪೇ ಬರುತ್ತದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ, ಸಾಲುಸಾಲಾಗಿ ಮಲಗಿಸಿ ಪೊರೆ ತೆಗೆದ ಕಥೆಯನ್ನು ನಮ್ಮ ಅಜ್ಜಂದಿರು ದೇವರ ಕಥೆಯಂತೆ ಹೇಳುತ್ತಿದ್ದರು, ಆ ಮಹಾನುಭಾವರಿಗೆ ಅದು ಸಲ್ಲತಕ್ಕದ್ದೇ. ಆದರೆ ಕಣ್ಣು ಕಾಣದಿರುವುದು ವಯಸ್ಸಾದವರ ಕಾಯಿಲೆ ಎಂಬ ಭಾವನೆಯೂ ಅದರ ಜೊತೆಗೇ ಉಳಿದುಬಿಟ್ಟಿದೆ. ಏಳು ವರ್ಷದ ಮಗುವಿಗೆ ಕನ್ನಡಕ ಎಂದರೆ ಮನೆಯವರಿಗೆ ಅವಮಾನವಾಗುತ್ತದೆ. ಹೆಣ್ಣುಮಗುವಾದರೆ ಇನ್ನೂ ಕಷ್ಟ. ‘ಈಗಲೇ ಕನ್ನಡಕ ಹಾಕ್ಸಿದ್ರೆ ನಾಳೆ ಯಾರು ಮಾಡ್ಕೋತಾರೆ ಮಿಸ್?’ ಎಂದು ಐದನೇ ತರಗತಿಯ ಹುಡುಗಿಯ ತಾಯಿ ಕೇಳಿದಾಗ ನನಗೆ ಕೋಪ ಬಂದಿತ್ತು. ಆಕೆ ಕೆಟ್ಟವರಲ್ಲ, ಊರು ಏನನ್ನುತ್ತದೆ ಎಂದು ತಿಳಿದವರು. ಆ ಹುಡುಗಿ ಕನ್ನಡಕವನ್ನು ಶಾಲೆಯ ಗೇಟಿನಲ್ಲಿ ಹಾಕಿಕೊಂಡು, ಸಂಜೆ ಗೇಟಿನಲ್ಲಿಯೇ ತೆಗೆದು ಜಾಮಿಟ್ರಿ ಬಾಕ್ಸಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಪಾಠ ಕಂಡರೆ ಸಾಕೆಂದು ನಾನೂ ಆಗ ಹೆಚ್ಚು ಒತ್ತಾಯಿಸಲಿಲ್ಲ, ಬಲವಂತ ಮಾಡಿದ್ದರೆ ಅದೂ ಇಲ್ಲವಾಗುತ್ತಿತ್ತು.

ಕನ್ನಡಕ ಹಾಕಿದಷ್ಟೂ ನಂಬರ್ ಏರುತ್ತದೆ ಎಂಬ ನಂಬಿಕೆ ಓದಿದವರಲ್ಲಿಯೂ ಇದೆ. ನಂಬರ್ ಏರುವುದು ಕಣ್ಣುಗುಡ್ಡೆ ಬೆಳೆಯುವುದರಿಂದ, ಕನ್ನಡಕದಿಂದಲ್ಲ. ಮಲೇಷ್ಯಾದಲ್ಲಿ ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದರಲ್ಲಿ, 2002ರಲ್ಲಿ ಪ್ರಕಟವಾದಂತೆ, ಅಂಥ ಮಕ್ಕಳ ನಂಬರೇ ಪೂರ್ತಿ ನಂಬರಿನವರಿಗಿಂತ ಹೆಚ್ಚು ಏರಿತ್ತು. ಕ್ಯಾರೆಟ್ಟು, ನುಗ್ಗೆಸೊಪ್ಪು, ಹೊನಗೊನೆ ಸೊಪ್ಪು ತಿನ್ನಿಸಿದರೆ ನಂಬರ್ ಇಳಿಯುತ್ತದೆ ಎಂಬುದೂ ಹಾಗೆಯೇ. ಸೊಪ್ಪು ತಿನ್ನಲೇಬೇಕು, ಆದರೆ ಅದು ಕಾಯುವುದು ಇರುಳುಗುರುಡಿನಿಂದ. ಎ ಜೀವಸತ್ವದ ಕೊರತೆಗೆ ದೇಶದಲ್ಲಿ 1970ರಿಂದ ಬಾಯಿಗೆ ಹಾಕುವ ಹನಿ ಕೊಡುತ್ತಿದ್ದಾರೆ. ಒಂಬತ್ತನೇ ತಿಂಗಳಲ್ಲಿ ದಡಾರದ ಲಸಿಕೆಯ ಜೊತೆ ಒಂದು ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ ಎರಡು ಲಕ್ಷದಂತೆ ಐದು ವರ್ಷದವರೆಗೆ. ನಮ್ಮ ತಾಯಂದಿರ ಕಾಲದಲ್ಲಿ ದೀಪ ಹಚ್ಚುವ ಹೊತ್ತಿಗೆ ಗೋಡೆ ತಡವುತ್ತಿದ್ದ ಮಕ್ಕಳನ್ನು ನಾನು ನನ್ನ ತರಗತಿಯಲ್ಲಿ ಕಂಡಿಲ್ಲ.

ಈಗ ನನ್ನನ್ನು ಹೆಚ್ಚು ಕಾಡುವುದು ಕಣ್ಣುಜ್ಜುವ ಮಕ್ಕಳು. ಶಿವರಾತ್ರಿ ಕಳೆದು ಬಿಸಿಲು ಏರಿ ದೂಳು ಎದ್ದಿತೆಂದರೆ, ತರಗತಿಯಲ್ಲಿ ಒಬ್ಬಿಬ್ಬರು, ಅದರಲ್ಲಿಯೂ ಗಂಡುಹುಡುಗರು, ಬೆರಳ ಗೆಣ್ಣಿನಿಂದ ಕಣ್ಣನ್ನು ತಿರುಗಿಸಿ ತಿರುಗಿಸಿ ಉಜ್ಜುತ್ತಿರುತ್ತಾರೆ. ಬಿಳಿಗುಡ್ಡೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೂಲೆಯಿಂದ ದಾರದಂಥ ಲೋಳೆ ಬರುತ್ತದೆ. ಇದು ಅಲರ್ಜಿ, ಮದ್ರಾಸ್ ಐ ಅಲ್ಲ; ಅಂಟುವುದಿಲ್ಲ, ಆದರೆ ಪ್ರತಿ ಬೇಸಿಗೆ ಮರಳಿ ಬರುತ್ತದೆ. ಉಜ್ಜಿ ಉಜ್ಜಿ ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾ ತೆಳುವಾಗಿ ಮೊನೆಯಂತೆ ಚಾಚಿಕೊಂಡರೆ ಆಮೇಲೆ ಕನ್ನಡಕದಿಂದಲೂ ದೃಷ್ಟಿ ಸರಿಹೋಗುವುದಿಲ್ಲ. ಅದಕ್ಕಿಂತ ಭಯಂಕರವಾದದ್ದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಹನಿ. ಸ್ಟೀರಾಯ್ಡ್ ಇರುವ ಹನಿ ಹಾಕಿದರೆ ಎರಡೇ ದಿನದಲ್ಲಿ ತುರಿಕೆ ನಿಂತುಹೋಗುತ್ತದೆ, ಆದ್ದರಿಂದ ಮನೆಯವರು ಹಳೆಯ ಸೀಸೆ ತೋರಿಸಿ ಮತ್ತೆ ಮತ್ತೆ ತರುತ್ತಾರೆ. ತಿಂಗಳುಗಟ್ಟಲೆ ಹಾಕಿದಾಗ ಅನೇಕ ಮಕ್ಕಳಲ್ಲಿ ಕಣ್ಣಿನ ಒತ್ತಡ ನೋವಿಲ್ಲದೆ ಏರಿ ನರ ಸಾಯುತ್ತದೆ. ಇದೇ ಗ್ಲಾಕೋಮಾ, ಇದರಿಂದ ಹೋದ ದೃಷ್ಟಿ ಮರಳುವುದಿಲ್ಲ. ಚಿಕ್ಕ ವಯಸ್ಸಿಗೇ ಪೊರೆಯೂ ಬರಬಹುದು. ಸ್ಟೀರಾಯ್ಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ವೈದ್ಯರು ಒತ್ತಡ ನೋಡುತ್ತಾ ಎಷ್ಟು ದಿನ ಎಂದು ಬರೆದುಕೊಟ್ಟಾಗ ಅದು ಬೇಕಾದ ಔಷಧಿಯೇ. ಚೀಟಿ ಇಲ್ಲದೆ ಅದನ್ನು ಮಕ್ಕಳ ಕಣ್ಣಿಗೆ ಹಾಕಬೇಡಿ ಎಂದು ಪ್ರತಿ ಪೋಷಕರ ಸಭೆಯಲ್ಲೂ ಕೈಮುಗಿದು ಕೇಳಿಕೊಳ್ಳುತ್ತೇನೆ. ನಂದಿಬಟ್ಟಲಿನ ರಸ, ಎದೆಹಾಲು, ಹರಳೆಣ್ಣೆ ಇವನ್ನೂ ಕಣ್ಣೊಳಗೆ ಬಿಡಬಾರದು. ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಅದುಮಿ ಆಡುವ ಮಗುವಿನ ಕಣ್ಣಿಗೆ ಸುಣ್ಣ ಸಿಡಿದರೆ ಆಸ್ಪತ್ರೆಗೆ ಓಡುವ ಮೊದಲು ಅಲ್ಲಿಯೇ, ಆ ಕ್ಷಣವೇ, ಧಾರಾಳ ನೀರಿನಲ್ಲಿ ಅರ್ಧ ಗಂಟೆಯಾದರೂ ತೊಳೆಯಬೇಕು. ಕಣ್ಣು ಉಳಿಯುವುದೂ ಹೋಗುವುದೂ ಆ ನೀರಿನಲ್ಲಿದೆ.

ಬೆಂಗಳೂರಿನ ಗೆಳತಿಯರು ಮೊಬೈಲಿನ ಬಗ್ಗೆ ಕೇಳುತ್ತಾರೆ. ಮೊಬೈಲ್ ಕಿತ್ತುಕೊಳ್ಳುವುದಕ್ಕಿಂತ ಮಗುವನ್ನು ಹೊರಗೆ ಕಳಿಸಿ ಎನ್ನುವುದು ನನ್ನ ಉತ್ತರ. ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನೇ ಹೋಲಿಸಿದಾಗ ಸಿಂಗಾಪುರದಲ್ಲಿ 29 ಪ್ರತಿಶತ ಮಕ್ಕಳಿಗೆ ಮೈನಸ್ ನಂಬರ್ ಇದ್ದರೆ, ಸಿಡ್ನಿಯಲ್ಲಿ ಅದು 3 ಪ್ರತಿಶತದ ಆಸುಪಾಸಿನಲ್ಲಿತ್ತು. ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಹೊರಗೆ ಇರುತ್ತಿದ್ದರು, ಸಿಂಗಾಪುರದವರು 3 ಗಂಟೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಾಂಗಣದ ಒಂದು ಪೀರಿಯಡ್ಡನ್ನು ಸೇರಿಸಿ ಮೂರು ವರ್ಷ ನೋಡಿದಾಗ, ಹೊಸದಾಗಿ ನಂಬರ್ ಬಂದವರು 39.5 ಪ್ರತಿಶತದ ಬದಲು 30.4 ಪ್ರತಿಶತ ಇದ್ದರು. ಬಯಲಿನ ಬೆಳಕಿಗೆ ರೆಟಿನಾದಲ್ಲಿ ಡೋಪಮೀನ್ ಎಂಬ ರಾಸಾಯನಿಕ ಒಸರಿ ಅದು ಕಣ್ಣಿನ ಉದ್ದವನ್ನು ಹಿಡಿದಿಡುತ್ತದೆ ಎಂಬುದು ಈಗಿನ ವಿವರಣೆ. ಬಂದ ನಂಬರ್ ಇದರಿಂದ ಹೋಗುವುದಿಲ್ಲ, ಬರುವುದು ತಡವಾಗುತ್ತದೆ. ಇದನ್ನು ಓದಿದ ಮೇಲೆ ಪಿ.ಟಿ. ಪೀರಿಯಡ್ಡಿನಲ್ಲಿ ಗಣಿತ ಮಾಡಿಸುವ ಪದ್ಧತಿಯನ್ನು ನಾನು ವಿರೋಧಿಸುತ್ತೇನೆ, ಆಟದ ಬಯಲೇ ಇಲ್ಲದ ಕಟ್ಟಡಗಳಿಗೆ ಶಾಲೆಯ ಅನುಮತಿ ಸಿಗುವುದನ್ನೂ.

ಸರ್ಕಾರದ ಕಡೆಯಿಂದ ವ್ಯವಸ್ಥೆ ಇಲ್ಲ ಎನ್ನಲಾಗದು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ, ಶಾಲಾ ಮಕ್ಕಳ ತಪಾಸಣೆ ಮತ್ತು ಉಚಿತ ಕನ್ನಡಕ ಅದರ ಭಾಗ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರುವ ನಿಯಮವಿದೆ. ನಮ್ಮ ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಬಂದು ನೋಡಿ ಕನ್ನಡಕ ಕೊಟ್ಟಿದ್ದಾರೆ. ಆದರೆ ತಂಡಕ್ಕೆ ಒಂದು ದಿನದಲ್ಲಿ ನೂರಾರು ಮಕ್ಕಳ ಹಲ್ಲು, ಕಿವಿ, ತೂಕ, ರಕ್ತಹೀನತೆ ಎಲ್ಲವನ್ನೂ ನೋಡಬೇಕಾಗಿರುತ್ತದೆ. ಅಂಥ ದಿನ ಒಂದನೇ ತರಗತಿಯ ಹಟಮಾರಿ ಮಗುವಿನ ಒಂದೊಂದೇ ಕಣ್ಣು ಮುಚ್ಚಿ ನೋಡುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ, ಮಗುವನ್ನು ಬಲ್ಲ ಶಿಕ್ಷಕಿಗೆ ಉಳಿದಿರುತ್ತದೆ.

ಹಾಗಾಗಿ ನಮ್ಮ ಶಾಲೆಯಲ್ಲಿ ಒಂದನೇ ತರಗತಿಗೆ ದಾಖಲಾದ ಮಕ್ಕಳನ್ನು ಜೂನ್ ತಿಂಗಳಲ್ಲಿಯೇ ನಾವೇ ನೋಡುತ್ತೇವೆ. ಎಡಗಣ್ಣಿನ ಅಳತೆ, ಬಲಗಣ್ಣಿನ ಅಳತೆ ಎರಡನ್ನೂ ಬೇರೆ ಬೇರೆಯಾಗಿ ಪ್ರಗತಿ ಪತ್ರದಲ್ಲಿ ಬರೆಯುತ್ತೇವೆ, ಮಗು ಬೇರೆ ಶಾಲೆಗೆ ಹೋದರೆ ಅದೂ ಜೊತೆಯಲ್ಲಿ ಹೋಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಕಾರ್ಡು, ಅಳತೆಯ ಟೇಪು ಮತ್ತು ಒಂದು ಮಧ್ಯಾಹ್ನ. ಖಾಸಗಿ ಶಾಲೆಗಳಲ್ಲಿ ಪ್ರವೇಶದ ಸಮಯದಲ್ಲಿ ಮಗುವಿಗೆ ಎಬಿಸಿಡಿ ಬರುತ್ತದೆಯೇ ಎಂದು ಪರೀಕ್ಷಿಸುವವರು ಅದೇ ಕುರ್ಚಿಯಲ್ಲಿ ಕೂರಿಸಿ ಇದನ್ನೂ ನೋಡಬಹುದು. ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿರುವವರು ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ. ಮಗು ದೂರದಿಂದ ಟಿವಿ ನೋಡುತ್ತಿರುವಾಗ ಹಿಂದಿನಿಂದ ಹೋಗಿ ಅಂಗೈಯಿಂದ ಮೊದಲು ಒಂದು ಕಣ್ಣನ್ನು, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ಎರಡೂ ಸಲ ಒಂದೇ ರೀತಿ ನಡೆದುಕೊಂಡರೆ ಸದ್ಯಕ್ಕೆ ಚಿಂತೆ ಕಡಿಮೆ, ಶಾಲೆಗೆ ಸೇರಿಸುವ ಮುಂಚೆ ಒಮ್ಮೆ ತೋರಿಸಿದರೆ ಆಯಿತು. ಒಂದು ಸಲ ಸುಮ್ಮನಿದ್ದು, ಇನ್ನೊಂದು ಸಲ ಕೈ ತಳ್ಳಿದರೆ ಆ ವಾರದಲ್ಲಿಯೇ ಮಕ್ಕಳ ಕಣ್ಣು ನೋಡುವ ವೈದ್ಯರ ಬಳಿ ಕರೆದುಕೊಂಡು ಹೋಗಿ, ಹನಿ ಹಾಕಿ ನೋಡಿ ಎಂದು ನೀವೇ ಕೇಳಿ.